ಬೆಳಕು ದಾಟಬಾರದು

ಗಬ್ಬೂರ ಕ್ರಾಸಿನ್ಯಾಗ ಆ ಹಳದಿ ದೀಪ ಮತ್ತ ಹತ್ತಿತು.
ಮೊದಲನೇ ಸಲ ಹತ್ತಿದಾಗ ಊದಿನಕಡ್ಡಿ ಬೆಳಗಿದ್ದೆ.
ಎರಡನೇ ಸಲ ಶೋರೂಮಿಗೆ ಹೋದೆ:
ಏಸಿ ಕೋಣ್ಯಾಗ ಒಬ್ಬ ಹುಡುಗ ಚಹಾ ಕೊಟ್ಟು
ಹಾಳಿ ನನ್ನ ಕಡೆ ತಿರುವಿ ಇಟ್ಟ.
ಫಿಲ್ಟರ್ ಹೊಸಾದು: ಒಂದು ಲಕ್ಷ ಎಂಬತ್ತೆರಡು ಸಾವಿರ,
ಜೀಎಸ್ಟಿ ಬ್ಯಾರೆ.
ಚಹಾ ಹಂಗ ಬಿಟ್ಟು ಎದ್ದು ಬಂದೆ.

ಕಾರವಾರ ರೋಡಿನ ದಸ್ತಗೀರಸಾಬ
ಮೊದಲೆಲ್ಲ ಸ್ಕ್ರೂಡ್ರೈವರ್ ಕಿವಿಗಿಟ್ಟು ಇಂಜಿನ್ ಕೇಳತಿದ್ದ.
ಈಗ ಮಗಳ ಹಳೇ ಲ್ಯಾಪ್‌ಟಾಪಿಗೆ ವಾಯರ್ ಚುಚ್ಚತಾನ.
ಓದಿದ. ಕನ್ನಡಕ ಹಣಿಗೇರಿಸಿದ.
"ನೀ ಪುಣೆಕ್ಕ ಹೋಗಿ ಎಷ್ಟು ದಿನಾತು?"
ಹೋಗಿಲ್ಲ. ಹೆಂಡತಿಗೆ ಕಿಮ್ಸಿನ್ಯಾಗ ರಾತ್ರಿ ಪಾಳಿ,
ಸಣ್ಣಾಕಿಗೆ ಕತ್ತಲಂದ್ರ ಅಂಜಿಕಿ.
ಒಂದೂವರಿ ವರ್ಷ ತಾರಿಹಾಳದಿಂದ ಅಮರಗೋಳ,
ಅಮರಗೋಳದಿಂದ ತಾರಿಹಾಳ, ಸಂಜಿ ಆರಕ್ಕ ಮನಿ.
"ಅದ ರೋಗ" ಅಂದ.
"ಇದಕ್ಕ ದೂರ ಬೇಕು. ನಿಲ್ಲದ ಓಡಿದ್ರ
ತನ್ನ ಮಸಿ ತಾನ ಸುಟಗೊತೈತಿ.
ನೀ ಮನಿ ಸುತ್ತ ತಿರಗಿ ತಿರಗಿ ಅದರ ಎದಿ ಕಟ್ಟಿಸಿಬಿಟ್ಟಿ."

ಹೊತ್ತಿಗೆ ಸರಿಯಾಗಿ ಮನಿ ಸೇರೂದಕ್ಕೂ ರೊಕ್ಕ ಬೀಳತೈತಿ ಅಂತ
ಯಾವ ಏಜೆಂಟನೂ ಹೇಳಿರಲಿಲ್ಲ.

"ಅಗ್ಗದ ಹಾದೀನೂ ಐತಿ." ದನಿ ತಗ್ಗಿಸಿದ.
"ಒಳಗಿಂದು ಒಡದು ಬರೇ ಡಬ್ಬಿ ಬಿಡೂದು, ಹನ್ನೆರಡು ಸಾವಿರ.
ಕಂಪ್ಯೂಟರಿಗೆ ಸುಳ್ಳು ಕಲಸಾಕ ಮತ್ತೆಂಟು.
ನಾ ಮಾಡೂದಿಲ್ಲ. ಮಾಡಾವರ ನಂಬರ್ ಐತಿ."
ನಂಬರ್ ಬರಕೊಂಡೆ.
ಬರಕೊಂಡಿಲ್ಲ ಅಂತ ಯಾಕ ಹೇಳಲಿ?

ಡಬ್ಬಿ ಬಿಚ್ಚಿದ್ವಿ. ಬೋಲ್ಟು ತುಕ್ಕು ಹಿಡದಿದ್ವು, ಒಂದು ಮುರೀತು.
ಒಳಗ ನಾ ತಿಳಕೊಂಡಂಗ ಕಬ್ಬಿಣ ಇಲ್ಲ, ಜಾಳಿಗಿ ಇಲ್ಲ,
ಮಣ್ಣು.
ಜೇನಹುಟ್ಟಿನಂಗ ತೂತ ತೂತಿನ ಸುಟ್ಟ ಮಣ್ಣು.

ನಾ ಚಕ್ರಸಾಲಿ. ನಮ್ಮವ್ವ ಕುಂದಗೋಳ ಸಂತ್ಯಾಗ
ಗಡಿಗಿ ಮಾರಿದಾಕಿ. ಬಟ್ಟು ಮಡಚಿ ಬಡದು ಕೇಳಾಕಿ:
ಠಣ್ ಅಂದ್ರ ಗಟ್ಟಿ, ಬದ್ ಅಂದ್ರ ಸೀಳು.
ನಾನೂ ಬಡದೆ.
ದಸ್ತಗೀರ ನಕ್ಕ. "ತಗಡಿನ್ಯಾಗ ಕುಂತೈತಿ ಮಾರಾಯಾ,
ನಿನ್ನ ಕೂಡ ತಗಡ ಮಾತಾಡತೈತಿ."
ಆಮ್ಯಾಲ ಕೈಯಾಗ ಬ್ಯಾಟ್ರಿ ಕೊಟ್ಟ.
"ಆ ಕಡಿಂದ ಬೆಳಕು ಹಿಡಿ. ಈ ಕಡೆ ದಾಟಿ ಬಂದ್ರ
ಒಡದೈತಿ, ಲಕ್ಷ ಎಣಸು. ಕತ್ತಲಿದ್ರ ಗಟ್ಟಿ."

ಹಿಡದೆ. ಅವ ಮೊಣಕಾಲೂರಿ ಒಂದ ಕಣ್ಣು ಮುಚ್ಚಿ ಬಗ್ಗಿದ.
ರೋಡಿನ್ಯಾಗ ಯಾವನೋ ರಿವರ್ಸ್ ಹಾಕಿದ್ದ,
ಗಾಡಿ ಪೀಂ ಪೀಂ ಅಂತ ಒದರಾಕತ್ತಿತ್ತು.
ಸಣ್ಣಾಕಿ ಅಂಜತಾಳಲ್ಲ, ಅದ ಕತ್ತಲಿ
ಒಮ್ಮೆ ಇರಲಿ ಅಂತ ಬೇಡಕೊಂಡೆ.

"ಕತ್ತಲ" ಅಂದ.

ತಾರಿಹಾಳದ ಒಂದು ಶೆಡ್ಡಿನ್ಯಾಗ ಕರೆಂಟಿನ ಆವಿಗಿ.
ಆರನೂರು ಡಿಗ್ರಿ, ಇಡೀ ರಾತ್ರಿ. ಮುಂಜಾನೆ
ಉಲ್ಟಾ ಗಾಳಿ ಹೊಡಿಯೂದು. ಹದಿನಾರೂವರಿ ಸಾವಿರ.
ಆವಿಗಿ ಉರಿಯೂ ರಾತ್ರಿ ಅವ್ವ ಮಲಗತಿರಲಿಲ್ಲ.
ನಾ ಆರಕ್ಕ ಮನಿಗೆ ಹೋಗಬೇಕಿತ್ತು, ಹೋದೆ.
ಮರುದಿನ ಶೆಡ್ಡಿನಾವ ಡಾಲ್ಡಾ ಡಬ್ಬಿ ತೋರಿಸಿದ:
ಒಂದೂವರಿ ವರ್ಷದ ಹಾದಿ, ತಳದಾಗ ಒಂದು ಹಿಡಿ ಬೂದಿ.
ಬಟ್ಟಿನ್ಯಾಗ ತಿಕ್ಕಿದೆ.
ಅವ್ವ ಅರಬಿಲೆ ಸೋಸಿದ ಮಣ್ಣಿಗಿಂತ ನುಣ್ಣಗ.
ಪ್ಯಾಂಟಿಗೆ ಒರಸಿಕೊಂಡೆ. ಹೋಗಲಿಲ್ಲ.

ನಂಬರ್ ಇನ್ನೂ ಫೋನಿನ್ಯಾಗ ಐತಿ.

ಐತವಾರಕ್ಕೊಮ್ಮೆ ಹಾವೇರಿ ಮುಟ್ಟಿ ಬಾ, ಲೋಡ್ ಇರಲಿ ಬಿಡಲಿ,
ಅಂದಾನ ದಸ್ತಗೀರ. ಹಂಗಾಗಿ ಖಾಲಿ ಗಾಡಿ,
ಕ್ಯಾಬಿನ್ನಿನ್ಯಾಗ ಮೂರು ಮಂದಿ. ಪಾಳಿ ಮುಗಿಸಿದಾಕಿ
ಕಿಡಕಿಗೆ ತಲಿ ಹಚ್ಚಿ ನಿದ್ದಿ ಹೊಡದಾಳ.
ಬಂಕಾಪುರ ಟೋಲಿಗೆ ರೊಕ್ಕ ಹರೀತು.
ಸಣ್ಣಾಕಿ ಕೇಳಿದಳು: ಅಪ್ಪಾ, ಎಲ್ಲಿಗೆ ಹೊಂಟೀವಿ?
ಎಲ್ಲಿಗೂ ಇಲ್ಲವಾ, ಅಂದೆ.
ಬಿಸಿ ಆಗಾಕ.