ಒಂದು ಚೋಟು

ಹೊರಗೆ ಸೊನ್ನೆಗಿಂತ ಇಪ್ಪತ್ತೆರಡು ಕೆಳಗೆ.
ಸೇಂಟ್ ಪಾಲ್, ಪೇನ್ ಅವೆನ್ಯೂ ಹಿಂದಿನ ಓಣಿ,
ಮರದ ಮನೆ. ಅಡುಗೆಕೋಣೆಯ ಗೋಡೆ
ಅರ್ಧ ಕಿತ್ತು ನಿಂತಿದೆ.
ಉಂಗುರ ಬಿಚ್ಚಿ ಜೇಬಿಗೆ ಹಾಕಿ
ನೆಲಮಾಳಿಗೆಗೆ ಇಳಿದೆ.

ಬ್ರೇಕರ್ ಪೆಟ್ಟಿಗೆಯ ಎದುರು ಮೂರಡಿ ಖಾಲಿ ಇರಬೇಕು.
ಇದ್ದದ್ದು: ಹಿಮದ ಬಂಡಿ ಎರಡು, ಬಣ್ಣದ ಡಬ್ಬ,
ಯಾರದೋ ಹಾಕಿ ಬೂಟು.
ಎತ್ತಿ ಪಕ್ಕಕ್ಕಿಟ್ಟೆ.
ಹೊಗೆ ತುಂಬಿದ ರಾತ್ರಿ ಇಲ್ಲಿಗೆ ಓಡಿಬರುವ ಕಾಲಿಗೆ
ಬೂಟು ಕಾಣುವುದಿಲ್ಲ.

ಕಸುಬು ಕಲಿಸಿದವನು ಐನಾರ್ ಸಾಲ್ಮೆಲಾ.
ಮಾತು ಕಡಿಮೆ, ಕಾಫಿ ಜಾಸ್ತಿ.
"ಮೀಟರನ್ನೂ ನಂಬಬೇಡ, ಕಾಯಿಂಗ್.
ಮೊದಲು ಜೀವ ಇರುವ ತಂತಿಗೆ ಹಿಡಿ, ಹೌದೆನ್ನಲಿ.
ಆಮೇಲೆ ಸತ್ತದ್ದಕ್ಕೆ.
ಆಮೇಲೆ ಮತ್ತೆ ಜೀವದ್ದಕ್ಕೆ.
ನಡುವೆ ಮೀಟರೇ ಸತ್ತಿದ್ದರೆ
ಅದು ಸುಳ್ಳುಸಾಕ್ಷಿ ಹೇಳಿದ್ದು
ನಿನಗೆ ಯಾರು ಹೇಳಬೇಕು?"

"ಬಿಳಿ ತಂತಿ ಅಂದರೆ ಹಸು ಅಂದುಕೋಬೇಡ.
ಅದರಲ್ಲೇ ಕರೆಂಟು ಹರಿಸಿ
ಕರಿ ಟೇಪು ಸುತ್ತಲು ಮರೆತ ಪುಣ್ಯಾತ್ಮರಿದ್ದಾರೆ."

"ತಿರುಪಿಗೆ ತಂತಿಯನ್ನು ಬಲಕ್ಕೆ ಬಳಸು.
ಬಿಗಿಸಿದಂತೆ ಒಳಗೆ ಬರುತ್ತದೆ.
ಎಡಕ್ಕೆ ಬಳಸಿದರೆ ಬಿಗಿಸಿದಷ್ಟೂ ಹೊರಕ್ಕೆ ಜಾರುತ್ತದೆ,
ಕೆಲವು ನೆಂಟಸ್ತನದ ಹಾಗೆ."
(ಅವನಿಗೆ ಎರಡು ಮದುವೆ ಮುರಿದಿದ್ದವು.)

"ಮತ್ತೆ, ಡಬ್ಬಿಯೊಳಗೆ ಆರಿಂಚು ಬಿಡು."
ಹೆಬ್ಬೆರಳು ತೋರುಬೆರಳು ಚಾಚಿ ತೋರಿಸಿದ: ಇಷ್ಟು.
ಒಂದು ಚೋಟು.
ನನ್ನ ಚೋಟು ಐದಕ್ಕೇ ಮುಗಿಯುತ್ತದೆ,
ಇವತ್ತಿಗೂ ಎರಡು ಬೆರಳಗಲ ಸೇರಿಸಿಯೇ ಕತ್ತರಿಸುತ್ತೇನೆ.
ಯಾರಿಗೆ ಇಷ್ಟೊಂದು, ಅಂದಿದ್ದೆ.
"ಮುಂದೆ ಇದನ್ನು ತೆರೆಯುವವನಿಗೆ.
ಅವನ ಹೆಸರು ನಿನಗೆ ಗೊತ್ತಿಲ್ಲ.
ಅವನ ಬೆರಳು ದಪ್ಪ ಇರಬಹುದು.
ಏಣಿಯ ಮೇಲಿರುತ್ತಾನೆ, ಸಿಟ್ಟಲ್ಲಿರುತ್ತಾನೆ."

ಅಮ್ಮ ಕಸೂತಿಯ ಹಿಂಬದಿಗೆ
ಹೀಗೇ ದಾರದ ಬಾಲ ಬಿಡುತ್ತಿದ್ದಳು.
ಲಾವೋಸಿನ ಬೆಟ್ಟ, ಮೆಕಾಂಗ್ ನದಿ,
ಬಿದಿರು ತಬ್ಬಿ ಈಜುವ ನೀಲಿ ಜನ.
ದಡ ಮುಟ್ಟುವ ಮೊದಲೇ ಅವಳ ಕಣ್ಣು ಮಂಜಾಯಿತು.
ಬಾಲ ಇದ್ದದ್ದಕ್ಕೆ ಅಕ್ಕ ಗಂಟು ಹಾಕಿ
ಅವರನ್ನು ದಾಟಿಸಿದಳು.

ಸಿಂಕಿನ ಪಕ್ಕದ ಡಬ್ಬಿ ತೆರೆದೆ.
ಎರಡಿಂಚು. ಅದೂ ಪೂರ್ತಿ ಇಲ್ಲ.
ಇಕ್ಕಳದ ಮೂತಿ ಹಿಡಿಯಲು ಜಾಗವಿಲ್ಲ,
ತಾಮ್ರ ಬಾಗಿ ಬಾಗಿ ಇನ್ನೇನು ಮುರಿಯಬೇಕು.
ಯಾವ ಜಿಪುಣ, ಯಾವ ಕೈಗೇಡಿ,
ನನ್ನ ಭಾಷೆಯಲ್ಲೂ ಬೈದೆ, ಇವರ ಭಾಷೆಯಲ್ಲೂ ಬೈದೆ,
ಟಾರ್ಚು ತಿರುಗಿಸಿದೆ.

ಪಕ್ಕದ ಮರದ ಕಂಬದ ಮೇಲೆ ಪೆನ್ಸಿಲ್ಲು:
ಐ. ಸಾ., ನವೆಂಬರ್ ೧೯೭೯.
ಅವನು ಏಳಕ್ಕೆ ನಡುವೆ ಅಡ್ಡಗೆರೆ ಹಾಕುತ್ತಾನೆ.
ಇಲ್ಲೂ ಹಾಕಿದ್ದ.

ನಿಯಮ ಆಗಲೂ ಇತ್ತು.
ಅವಸರವೋ, ಚಳಿಯೋ,
ಆ ವಾರ ಮನೆಯಲ್ಲಿ ಏನಾಗಿತ್ತೋ.
ಅಥವಾ ಇಲ್ಲೇ ಕಲಿತನೋ, ಆಮೇಲೆ ಹೇಳಿಕೊಡಲಿಕ್ಕೆ.

ಹಳೇ ಡಬ್ಬಿ ಸಣ್ಣದು, ಆಳದ್ದನ್ನು ತಂದು ಕೂರಿಸಿದೆ.
ತಂತಿಗೆ ತಂತಿ ಸೇರಿಸಿದೆ,
ಒಂದೊಂದನ್ನೂ ಎಳೆದು ನೋಡಿದೆ.
ನೀರಿನ ಪಕ್ಕ ಇರಬೇಕಾದ್ದನ್ನೇ ಹಾಕಿದೆ,
ಕೂದಲೆಳೆಯಷ್ಟು ಸೋರಿದರೂ ಕಡಿದುಕೊಳ್ಳುವಂಥದ್ದು.
ಗುಂಡಿ ಒತ್ತಿದೆ: ಟಕ್.
ಪೆನ್ಸಿಲ್ ಅಳಿಸಲಿಲ್ಲ.
ಅವನ ಕೆಳಗೆ ನನ್ನ ಹೆಸರು, ಇವತ್ತಿನ ತಾರೀಖು.

ಸಂಜೆ ಅವನದೇ ಫೋನು.
"ಹೇಗಿತ್ತು?"
ಏನಿಲ್ಲ, ಹಳೇ ಮನೆ, ಪೇನ್ ಹತ್ತಿರ.
"ಹಳಬರು ತಂತಿ ಬಿಟ್ಟಿದ್ದರಾ?"
ಬಿಟ್ಟಿದ್ದರು, ಅಂದೆ.
ಆ ಕಡೆ ಕಾಫಿ ಹೀರುವ ಸದ್ದು. ಬಟ್ಟಲು ಕೆಳಗಿಟ್ಟ ಸದ್ದು.
"ಯಾವ ಓಣಿ?" ಅಂದ.