ಬಾಗಿಲು: ಟಾಕಪ್ಪ, ಒಂಬತ್ತನೇ ‘ಬಿ’

ನೋಟಿಸ್ ಬೋರ್ಡಿಗೆ ಅಂಟಿಸಿದ ಹಾಳೆಯಲ್ಲಿ
ರಾಜ, ಕೊತ್ವಾಲ, ಸೈನಿಕರು ಮೂವರು, ಮುದುಕಿ, ಮೇಕೆ,
ಎಲ್ಲರ ಕೆಳಗೆ, ಜಾಗ ಸಾಲದೆ ಅಂಚಿಗೆ ಓರೆಯಾಗಿ
ನನ್ನ ಹೆಸರು.
ಹಿಂದೆ ನಿಂತವನೊಬ್ಬ ಓದಿ, ಇನ್ನೊಬ್ಬನ ಕರೆದು ಓದಿಸಿದ.

ಸೆಟ್ಟಿಗೆ ದುಡ್ಡೆಲ್ಲಿ ಅಂದಿದ್ದರು ಹೆಡ್ಮಾಸ್ಟರು.
ಹುಡುಗರಿದಾರಲ್ಲ ಸಾರ್, ಅಂದಿದ್ದರು ತಿಪ್ಪೇಶಿ ಮೇಷ್ಟ್ರು.
ಚಳ್ಳಕೆರೆ ಕಡೆಯವರು, ರಿಪ್ಪನ್‌ಪೇಟೆಗೆ ಹೊಸಬರು.
ನಮ್ಮ ‘ಎಂಥ ಸಾರ್’ಗೆ ಅವರು ನಗುತ್ತಿದ್ದರು,
ಅವರ ‘ಏನಲೇ’ಗೆ ನಾವು.

ಮಾತಿಲ್ಲದ ಪಾತ್ರ ಅಂತ ಮಕ ಸಣ್ಣ ಮಾಡ್ಕಬ್ಯಾಡ,
ಒಂದು ವಾರ ಬಾಗಿಲು ನೋಡ್ಕಂಡು ಬಾ ಅಂದರು.
ನೋಡಿದೆ.
ಆಸ್ಪತ್ರೆಯದು ಎರಡೂ ಕಡೆಗೆ ತೂಗುತ್ತದೆ, ನಿರ್ಧಾರವಿಲ್ಲ.
ಸಾಮಿಲ್ ಸಾಹುಕಾರರದು ಸರಪಳಿಯಷ್ಟೇ ತೆರೆದು
ಒಂದು ಕಣ್ಣು, ಅರ್ಧ ಮೀಸೆ ತೋರಿಸುತ್ತದೆ.
ಸೈದು ಬ್ಯಾರಿಯ ಅಂಗಡಿಯದು ಎಂಟು ಹಲಗೆ,
ಸೀಮೆಸುಣ್ಣದಲ್ಲಿ ನಂಬರು; ಐದು ಕಳೆದುಹೋಗಿ
ಅಲ್ಲೊಂದು ಬಿಸ್ಕತ್ತಿನ ಡಬ್ಬದ ತಗಡು.
ನಮ್ಮ ಮನೆಗಿದ್ದದ್ದು ಬಿದಿರ ತಟ್ಟಿ.
ಅದನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ
ಮೇಷ್ಟ್ರನ್ನು ಕೇಳಲಿಲ್ಲ.

ಎಷ್ಟು ಮಾತು ನಿಂಗೆ? ಅಂದಳು ಅವ್ವ.
ಒಂದೂ ಇಲ್ಲ.
ಹಂಗಾರೆ ಗಂಟಲು ಕಟ್ಟೂದಿಲ್ಲ ಬಿಡು, ಅಂದು
ಮೀನು ತೊಳೆಯಲು ಹೋದಳು.

ನಾಲ್ಕೂವರೆಗೆ ಬೆಂಚು ಸರಿಸಿ ತಾಲೀಮು.
ಐದೂ ಹತ್ತರ ಬಸ್ಸಿಗೆ ರಾಜ ಓಡಬೇಕು,
ಆದ್ದರಿಂದ ರಾಜನ ಪಶ್ಚಾತ್ತಾಪ ಮೊದಲು,
ಅಟ್ಟಹಾಸ ನಾಳೆ.
ಮೇಕೆಯಾದ ವಿನ್ಸೆಂಟ್ ಬರೆಯದ ಕಡೆಯೆಲ್ಲ ಅರಚುತ್ತಿದ್ದ.
ನಾನು ಎರಡು ಮೇಜಿನ ನಡುವೆ, ಎಡಗೈ ಚೌಕಟ್ಟು,
ಬಲಗೈ ಚಿಲಕ. ಬೆನ್ನ ಹಿಂದೆ ಮುದುಕಿಯ ಗುಡಿಸಲು.
ಯಾರು ಬಡಿದರೂ ಮೂರು ಎಣಿಸಿ
ಕಿರ್ರ್ ಅಂತ ಸದ್ದು ಮಾಡಿ ತಿರುಗಬೇಕು.
‘ಗಂಟ್ಲಾಗಲ್ಲಲೇ, ಕೀಲಾಗಿಂದ ಬರ್ಲಿ’
ಅಂತ ಮೂವತ್ತು ಸಲ ಭುಜ ಮುಟ್ಟಿ ತೋರಿಸಿದರು.
ಮನೆಗೆ ನಡೆಯುವ ಎರಡು ಮೈಲಿಯೂ ಕಿರ್ರ್, ಕಿರ್ರ್;
ನಾಯಿಗಳು ಕೊನೆಗೆ ಬೊಗಳುವುದ ಬಿಟ್ಟವು.

ನಾಟಕದ ರಾತ್ರಿ ಕರೆಂಟು ಇತ್ತು, ಅದೇ ಆಶ್ಚರ್ಯ.
ಶಾಹಿದಾ ತಲೆಗೆ ಪೌಡರು ಸುರಿದುಕೊಂಡು ಮುದುಕಿ.
ರಾಜಾಜ್ಞೆ: ಊರಿನ ಮೇಕೆಗಳೆಲ್ಲ ಅರಮನೆಗೆ.
ಇದೊಂದನ್ನ ಬಿಡ್ರಪ್ಪಾ, ಅಂತ ಅವಳು
ನನ್ನ ಬೆನ್ನಿಗೆ ಹಣೆ ಒತ್ತಿ ನಿಂತಳು.
ತಾಲೀಮಿನಲ್ಲಿ ಹಾಗೆ ಒತ್ತಿರಲಿಲ್ಲ.
ಅಂಗಿ ಒದ್ದೆಯಾಯಿತು. ಬೆವರೋ ಏನೋ.

ಕೊತ್ವಾಲ ಬಡಿದ. ಎಣಿಸಿದೆ: ಒಂದು, ಎರಡು, ಮೂರು.
ನಾಲ್ಕು.
ಮತ್ತೆ ಬಡಿದ, ಈ ಸಲ ನಿಜವಾಗಿ, ಎದೆಗೆ.
ಸೈನಿಕರು ಒಬ್ಬರ ಮುಖ ಒಬ್ಬರು ನೋಡಿದರು,
ಒಬ್ಬನ ಕಾಡಿಗೆಯ ಮೀಸೆ ಗಲ್ಲಕ್ಕೆ ಇಳಿದಿತ್ತು.
‘ತೆಗಿಯೋ ಟಾಕ’ ಅಂದ ಕೊತ್ವಾಲ, ಪಾತ್ರ ಬಿಟ್ಟು.
ಪರದೆ ಸಂದಿಯಿಂದ ‘ಏನಲೇ, ಏನಲೇ.’
ಮುಂದಿನ ಸಾಲಲ್ಲಿ ಬಿ.ಇ.ಓ. ಸಾಹೇಬರು ಗಡಿಯಾರ ನೋಡಿಕೊಂಡರು.
ಹಿಂದಿನ ಸಾಲಲ್ಲಿ ಯಾರೋ, ಹೆಂಗಸು: ‘ತೆಗೀಬೇಡ ತಮ್ಮಾ.’

ಆ ಹೊತ್ತು ಎಷ್ಟಿತ್ತೋ.
ಇಪ್ಪತ್ತೆರಡು ವರ್ಷದಿಂದ ಬಸ್ಸಿನ ಕಂಡಕ್ಟರು ನಾನು,
ಬಾಗಿಲಲ್ಲೇ ನಿಂತು ಬದುಕು; ಒಂದು ವಿಷಲ್ಲಿಗೆ ತೆರೆದು
ಎರಡಕ್ಕೆ ಎಳೆದುಕೊಂಡು, ದಿನಕ್ಕೆ ಇನ್ನೂರು ಸಲ.
ಒಮ್ಮೆಯೂ ಅಷ್ಟು ಭಾರವಾಗಿಲ್ಲ ಈ ಕೈ.

ತೆರೆದೆ. ತೆರೆಯದೆ ನಾಟಕ ಮುಂದೆ ಹೋಗುವಂತಿರಲಿಲ್ಲ,
ಮೇಕೆ ಅರಮನೆ ಸೇರದೆ ರಾಜನಿಗೆ ಬುದ್ಧಿ ಬರುವಂತಿರಲಿಲ್ಲ.
ಕಿರ್ರ್ ಅನ್ನಲು ಮರೆತೆ.
ಅರಚಬೇಕಿದ್ದ ಆ ಒಂದು ಜಾಗದಲ್ಲಿ
ವಿನ್ಸೆಂಟ್ ಅರಚಲಿಲ್ಲ.

ಬಣ್ಣ ಒರೆಸುವ ಕೊಬ್ಬರಿ ಎಣ್ಣೆಯ ಸಾಲಿನಲ್ಲಿ
ಬಣ್ಣವಿಲ್ಲದ ನಾನೂ ನಿಂತಿದ್ದೆ,
ಬೈಗುಳಕ್ಕೆ ತಲೆ ತಗ್ಗಿಸಿ.
ಮೇಷ್ಟ್ರು ಎರಡು ಹನಿ ಎಣ್ಣೆ ಬೆರಳಿಗೆ ತೆಗೆದು
ನನ್ನ ಭುಜಕ್ಕೆ ತಿಕ್ಕಿದರು.
‘ಕೀಲು ನೋಯ್ತೇನಲೇ?’
ಇಲ್ಲ ಸಾರ್ ಅನ್ನಲು ಹೋದೆ.
ಕಿರ್ರ್ ಅಂದಿತು.