ಕಿವಿ ಕೇಳುತ್ತದೆಯೇ: ಹೌದು / ಇಲ್ಲ

ನಮೂನೆಯ ಒಂಬತ್ತನೇ ಸಾಲಿನಲ್ಲಿ
ಇದೊಂದೇ ಪ್ರಶ್ನೆ. ಒಂದನ್ನು ಹೊಡೆದುಹಾಕಬೇಕು.
ಹಮ್ಮಣ್ಣ ಅಂಬಿಗ ಎರಡನ್ನೂ ಹಾಗೇ ಬಿಟ್ಟು
ಪಕ್ಕದ ಖಾಲಿ ಅಂಚಿನಲ್ಲಿ ಬರೆದಿದ್ದ:
ಮೂವತ್ತೊಂದು ವರ್ಷ ಕೇಳಿತ್ತು.

ಕಾರವಾರದ ಬಂದರು ಕಚೇರಿಯಲ್ಲಿ
ಆ ಕಡತ ಏಳು ತಿಂಗಳು ಮಲಗಿತ್ತು.
ನನಗಿಂತ ಮೊದಲಿನವರು ಕೆಂಪು ಶಾಯಿಯಲ್ಲಿ
ಎರಡೇ ಶಬ್ದ ಬರೆದು ವರ್ಗವಾಗಿ ಹೋಗಿದ್ದರು:
ಸಾರ್ವಜನಿಕ ಸುರಕ್ಷತೆ.
ಆ ಶಬ್ದಗಳ ಮುಂದೆ ಯಾರೂ ಪೆನ್ನು ಎತ್ತುವುದಿಲ್ಲ.
ನಾನೂ ಎತ್ತುತ್ತಿರಲಿಲ್ಲ. ಆದರೆ ಅವನ ಮಗಳು ಸುಗಂಧಾ
ಹದಿನಾರನೇ ಇಸವಿಯ ಕಾಯ್ದೆಯನ್ನು ಝೆರಾಕ್ಸ್ ಮಾಡಿಸಿ
ಬೇಕಾದ ಸಾಲುಗಳಿಗೆ ಅರಿಶಿನ ಹಚ್ಚಿ ಕಳಿಸಿದ್ದಳು.
ಅಡುಗೆಮನೆಯ ಅರಿಶಿನವೇ.
ಕಡತಕ್ಕೆ ಇಂದಿಗೂ ಸಾರಿನ ವಾಸನೆ.

ಜನವರಿಯ ಒಂದು ಬೆಳಿಗ್ಗೆ ತದಡಿಗೆ ಹೋದೆ.
ಅಘನಾಶಿನಿಯ ಮೇಲೆ ಮಂಜು. ಆಚೆ ದಡವೇ ಇಲ್ಲ.
ದಕ್ಕೆಯಲ್ಲಿ ಸಾರ್ವಜನಿಕರು ನಿಂತಿದ್ದರು:
ಬಳಚಿನ ಬುಟ್ಟಿಯ ಇಬ್ಬರು ಹೆಂಗಸರು, ಒಂದು ಸ್ಕೂಟಿ,
ರಕ್ತಪರೀಕ್ಷೆಗೆಂದು ಉಪವಾಸ ಹೊರಟ ಮುದುಕ,
ನೀಲಿ ಲಂಗದ ಏಳು ಹುಡುಗಿಯರು.
ಎಣಿಸಿದೆ. ಎಣಿಸಿದ್ದೇ ತಪ್ಪಾಯಿತೋ ಏನೋ,
ಆಮೇಲೆ ಅವರನ್ನು ಮತ್ತೆ ಶಬ್ದವಾಗಿಸಲು ಆಗಲಿಲ್ಲ.
ಅವರನ್ನು ದಡದಲ್ಲೇ ನಿಲ್ಲಿಸಿ
ನಾವಿಬ್ಬರೇ ಹೊರಟೆವು.

ಹಮ್ಮಣ್ಣ ಚಪ್ಪಲಿ ಬಿಟ್ಟು ಹಲಗೆಯ ಮೇಲೆ ಅಂಗಾಲು ಊರಿದ.
"ಸಾಯ್ಬ್ರೆ, ನನ್ ಕೆಮಿ ತಿಂದದ್ದು ಈ ಇಂಜಿನೇ.
ಇದಕ್ಕೆ ವರ್ಷಾ ವರ್ಷಾ ನೀವೇ ಫಿಟ್ ಅಂತ ಸೀಲ್ ಹೊಡೀತ್ರಿ."
ತನಗೇ ಕೇಳದ ದನಿ, ಇಡೀ ಹೊಳೆಗೆ ಕೇಳುವಷ್ಟು ಜೋರು.
ನಾನು ಕೈಯಲ್ಲಿದ್ದ ಪಟ್ಟಿ ನೋಡಿದೆ.

ಒಳ್ಳೆಯ ತಾಂಡೇಲ. ಕರುಣೆಯಿಂದ ಹೇಳುತ್ತಿಲ್ಲ.
ಇಳಿತದ ಸೆಳೆತಕ್ಕೆ ಮೂತಿ ಕೊಟ್ಟು ಮರಳುದಿಬ್ಬವನ್ನು
ಕತ್ತಲಲ್ಲಿ ಮಲಗಿದವರನ್ನು ತುಳಿಯದೆ ಬಾಗಿಲಿಗೆ ಹೋಗುವಂತೆ
ಬಳಸಿ ಹೋದ.
ಹೋದ ವರ್ಷ ಎರಡೂ ಕಿವಿ ನೆಟ್ಟಗಿದ್ದವನೊಬ್ಬ
ಒಂಬತ್ತು ಬೈಕು ಹೇರಿ ಇದೇ ದಿಬ್ಬಕ್ಕೆ ಏರಿಸಿದ್ದ;
ಕುಡಿಯುತ್ತೀಯಾ ಎಂದು ನಮೂನೆ ಅವನನ್ನು ಕೇಳಿರಲಿಲ್ಲ.

ಆದರೆ ನಡುಹೊಳೆಯಲ್ಲಿ, ಬಲಕ್ಕೆ, ಮಂಜಿನೊಳಗೆ
ಮರಳಿ ಬರುವ ಟ್ರಾಲರಿನ ಹಾರ್ನ್.
ನನಗೆ ಕೇಳಿತು. ಅವನಿಗೆ ಕೇಳಲಿಲ್ಲ.
ಕತೆಗಳಲ್ಲಾದರೆ ಇಂಥ ಹೊತ್ತಿಗೆ ಅಂಗಾಲು ಹೇಳಿಬಿಡುತ್ತದೆ,
ಬೆಳ್ಳಕ್ಕಿ ಹಾರಿ ಎಚ್ಚರಿಸುತ್ತದೆ. ಏನೂ ಆಗಲಿಲ್ಲ.
ಒಂದು, ಎರಡು, ಮೂರು, ನಾಲ್ಕು.
ಐದಕ್ಕೆ ಅವನ ಭುಜ ತಟ್ಟಿದೆ.
ತಟ್ಟಿದ್ದೇ ಸಾಕು. ಇಂಜಿನು ತಗ್ಗಿತು, ದೋಣಿ ನಿಂತಿತು,
ಟ್ರಾಲರು ಗೋಡೆಯಂತೆ ಮುಂದಿನಿಂದ ಹಾದುಹೋಯಿತು.
ನನ್ನ ಕನ್ನಡಕಕ್ಕೆ ನೀರು ಸಿಡಿದು ಹೊಳೆಯೇ ಅಳಿಸಿತು.

ಒರೆಸುತ್ತ ನಿಂತೆ. ನಾನು ಕೆಲಸಕ್ಕೆ ಸೇರುವಾಗ
ವೈದ್ಯರು ಬರೆದದ್ದು: ದೃಷ್ಟಿ ಸರಿಯಿದೆ, ಕನ್ನಡಕ ಸಹಿತ.
ಆ ಕೊನೆಯ ಎರಡು ಶಬ್ದಕ್ಕೆ ಯಾರು ಜಾಗ ಮಾಡಿಕೊಟ್ಟರೋ,
ಯಾವ ಕಚೇರಿಯ ಮೆಟ್ಟಿಲು ಹತ್ತಿದರೋ,
ನಾನಂತೂ ಹತ್ತಿದವನಲ್ಲ.
ಅದನ್ನು ಮೂಗಿನ ಮೇಲಿಟ್ಟುಕೊಂಡೇ
ಇಷ್ಟು ವರ್ಷ ಊರವರನ್ನೆಲ್ಲ ಪರೀಕ್ಷಿಸಿದೆ.

ಒಂಬತ್ತನೇ ಸಾಲಿನಲ್ಲಿ 'ಹೌದು' ಹೊಡೆದುಹಾಕಿದೆ.
ಕೆಳಗೆ ಬರೆದೆ: ಲೈಸೆನ್ಸ್ ನೀಡಬಹುದು,
ಮೂತಿಯಲ್ಲಿ ಕಿವಿ ಕೇಳುವ ಒಬ್ಬರು ಸಹಿತ.
ಆಚೆ ದಡ ಕಾಣದ ದಿನ ದೋಣಿ ಬಿಡತಕ್ಕದ್ದಲ್ಲ.
ಈ ಎರಡನೆಯದು ಎಲ್ಲ ತಾಂಡೇಲರಿಗೂ ಎಂದು ಸೇರಿಸಿದ್ದೆ;
ಮೇಲಿನವರು ಅದೊಂದು ಸಾಲನ್ನು ಮಾತ್ರ ತೆಗೆದರು.

ಬೈತಖೋಲಿನಿಂದ ರಾತ್ರಿ ಹಾರ್ನ್ ಕೇಳಿದರೆ
ಈಗಲೂ ಹಾಸಿಗೆಯಲ್ಲೇ ಎಣಿಸುತ್ತೇನೆ.
ತದಡಿಯಲ್ಲಿ ಸುಗಂಧಾ ಮೂತಿಯಲ್ಲಿ ಕೂರುತ್ತಾಳಂತೆ,
ಕೈಯಲ್ಲಿ ಹಗ್ಗ, ಅದರ ಇನ್ನೊಂದು ತುದಿ ಅಪ್ಪನ ಮುಂಗೈಗೆ.
ಆ ಕೂತದ್ದಕ್ಕೆ ಸಂಬಳ ಯಾರು ಕೊಡಬೇಕು ಎಂದು
ಹೊಸ ಅರ್ಜಿ ಬಂದಿದೆ.
ಇದಕ್ಕೂ ಅರಿಶಿನ ಹಚ್ಚಿದ್ದಾಳೆ.